ಭಾಸ್ಕರಾಚಾರ್ಯ (ಎರಡನೆಯ ಭಾಸ್ಕರ)

ಭಾಸ್ಕರಾಚಾರ್ಯರು ಹನ್ನೆರಡನೆಯ ಶತಮಾನದ ಭಾರತೀಯ ಗಣಿತಜ್ಞರು ಮತ್ತು ಖಗೋಳಶಾಸ್ತ್ರಜ್ಞರು. ಏಳನೆಯ ಶತಮಾನದಲ್ಲಿದ್ದ ಅದೇ ಹೆಸರಿನ ಮತ್ತೊಬ್ಬ ಗಣಿತಜ್ಞರಿಂದ ಪ್ರತ್ಯೇಕಿಸಿ ಗುರುತಿಸುವ ಸಲುವಾಗಿ ಇವರನ್ನು ಎರಡನೆಯ ಭಾಸ್ಕರ ಎಂದು ಕರೆಯುವುದು ವಾಡಿಕೆ. ಸಿದ್ಧಾಂತಶಿರೋಮಣಿ ಇವರ ಪ್ರಧಾನ ಗ್ರಂಥ. ಅದರ ಮೊದಲ ಭಾಗವಾದ ಲೀಲಾವತಿಯು ಅಂಕಗಣಿತ ಮತ್ತು ಕ್ಷೇತ್ರಗಣಿತದ ಪಠ್ಯವಾಗಿದ್ದು, ಹಲವು ಶತಮಾನಗಳ ಕಾಲ ಭಾರತದ ನಾನಾ ಪ್ರಾಂತಗಳಲ್ಲಿ ಪಾಠಕ್ಕೆ ಬಳಕೆಯಾಯಿತು. ದುಂಬಿ, ಹಂಸ, ನವಿಲು, ಕಮಲ, ತೀರ್ಥಯಾತ್ರೆ, ವ್ಯಾಪಾರ, ಯುದ್ಧ ಮೊದಲಾದ ಸನ್ನಿವೇಶಗಳ ಮೂಲಕ ಗಣಿತವನ್ನು ಕಲಿಸುವ ಪದ್ಧತಿಗೆ ಈ ಕೃತಿಯು ಇಂದಿಗೂ ಮಾದರಿಯೆನಿಸಿದೆ.

ಜನನ ಮತ್ತು ಮನೆತನ

ಭಾಸ್ಕರಾಚಾರ್ಯರು ತಮ್ಮ ಜನ್ಮವರ್ಷವನ್ನೂ ಗ್ರಂಥರಚನೆಯ ಕಾಲವನ್ನೂ ಸಿದ್ಧಾಂತಶಿರೋಮಣಿಯಲ್ಲಿಯೇ ತಿಳಿಸಿದ್ದಾರೆ. ಅದರಂತೆ ಅವರು ಹುಟ್ಟಿದ್ದು ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ಗ್ರಂಥವನ್ನು ರಚಿಸಿದಾಗ ಅವರ ವಯಸ್ಸು ಮೂವತ್ತಾರು. ಶಾಂಡಿಲ್ಯ ಗೋತ್ರದ ತಮ್ಮ ಮನೆತನ ಸಹ್ಯಾದ್ರಿಯ ಆಶ್ರಯದಲ್ಲಿದ್ದ, ವಿದ್ವಾಂಸರು ತುಂಬಿದ್ದ ವಿಜ್ಜಡವಿಡ ಎಂಬ ಊರಿನದೆಂದು ಅವರು ಹೇಳಿಕೊಂಡಿದ್ದಾರೆ. ಈ ಊರನ್ನು ಕರ್ನಾಟಕದ ವಿಜಯಪುರವೆಂದು ಗುರುತಿಸುವ ವಿದ್ವಾಂಸರಿದ್ದಾರೆ. ಮಹಾರಾಷ್ಟ್ರದ ಖಾನದೇಶ ಪ್ರಾಂತದಲ್ಲಿ ಅದನ್ನು ಹುಡುಕುವವರೂ ಇದ್ದಾರೆ. ಮನೆತನಕ್ಕೆ ಸಂಬಂಧಿಸಿದ ಶಾಸನವು ಖಾನದೇಶದಲ್ಲಿ ದೊರೆತಿರುವುದು ಎರಡನೆಯ ವಾದಕ್ಕೆ ಆಧಾರವಾಗಿದೆ.

ಅವರ ತಂದೆ ಮಹೇಶ್ವರರು ಜ್ಯೋತಿಷಶಾಸ್ತ್ರದಲ್ಲಿ ಪಂಡಿತರು. ಭಾಸ್ಕರರಿಗೆ ಅವರೇ ಗುರುಗಳು. ಶಾಸನದಲ್ಲಿರುವ ವಂಶಾವಳಿಯು ತ್ರಿವಿಕ್ರಮನಿಂದ ಆರಂಭವಾಗಿ ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರರ ಮೂಲಕ ಭಾಸ್ಕರಾಚಾರ್ಯರವರೆಗೆ ಬರುತ್ತದೆ. ಇವರಲ್ಲಿ ಭಾಸ್ಕರಭಟ್ಟನಿಗೆ ಭೋಜರಾಜನಿಂದ ವಿದ್ಯಾಪತಿ ಎಂಬ ಬಿರುದು ದೊರೆತಿತ್ತು. ಹೀಗೆ ಓದುವುದು ಮತ್ತು ಓದಿಸುವುದು ತಲೆತಲಾಂತರದಿಂದ ನಡೆದು ಬಂದಿದ್ದ ಮನೆಯಲ್ಲಿ ಅವರು ಬೆಳೆದರು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ವಿದ್ಯೆ ಸಾಗುತ್ತಿದ್ದ ಈ ಪರಿಸರವು ಅವರ ಬರವಣಿಗೆಯ ರೀತಿಯನ್ನು ರೂಪಿಸಿತು.

ಸಿದ್ಧಾಂತಶಿರೋಮಣಿ

ಕ್ರಿ.ಶ. 1150ರಲ್ಲಿ ಪೂರ್ಣಗೊಂಡ ಸಿದ್ಧಾಂತಶಿರೋಮಣಿಯಲ್ಲಿ ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳಿವೆ. ಮೊದಲೆರಡು ಭಾಗಗಳು ಗಣಿತಕ್ಕೂ, ಉಳಿದೆರಡು ಖಗೋಳಶಾಸ್ತ್ರಕ್ಕೂ ಮೀಸಲಾಗಿವೆ. ಖಗೋಳ ಭಾಗಗಳಿಗೆ ವಾಸನಾಭಾಷ್ಯವೆಂಬ ವಿವರಣೆಯನ್ನು ಅವರೇ ಬರೆದಿದ್ದಾರೆ. ಬೀಜಗಣಿತದಲ್ಲಿ ಚಕ್ರವಾಲ ವಿಧಾನದ ಮೂಲಕ ಕಠಿಣವಾದ ವರ್ಗಸಮೀಕರಣಗಳಿಗೆ ಪೂರ್ಣಾಂಕ ಪರಿಹಾರಗಳನ್ನು ಕೊಟ್ಟಿರುವುದು ಅವರ ಪ್ರಸಿದ್ಧ ಸಾಧನೆ. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ 1 ಸೇರಿಸಿದಾಗ ಮತ್ತೊಂದು ವರ್ಗಸಂಖ್ಯೆ ಬರಬೇಕು ಎಂಬ ಸಮಸ್ಯೆಗೆ ಅವರು ನೀಡಿದ ಅತ್ಯಂತ ಚಿಕ್ಕ ಪರಿಹಾರದಲ್ಲಿ ವರ್ಗಮೂಲಗಳು 22,61,53,980 ಮತ್ತು 176,63,19,049 ಆಗಿವೆ. ಐದು ಶತಮಾನಗಳ ಅನಂತರ, 1657ರಲ್ಲಿ, ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೇ ಸಂಖ್ಯೆಯನ್ನು ಯೂರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟನು.

ಇಂತಹ ಎತ್ತರದ ಗಣಿತವನ್ನು ಬಲ್ಲ ವಿದ್ವಾಂಸರು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮೊದಲಾದ ಪ್ರಾಥಮಿಕ ವಿಷಯಗಳಿಗೆ ಪ್ರತ್ಯೇಕ ಭಾಗವನ್ನೇ ಬರೆದರು. ಖಗೋಳದ ಲೆಕ್ಕಾಚಾರಕ್ಕೆ ಪ್ರವೇಶಿಸುವ ವಿದ್ಯಾರ್ಥಿಗೆ ಅದು ಮೊದಲ ಮೆಟ್ಟಿಲು.

ಲೀಲಾವತಿಯ ರಚನೆ

ಲೀಲಾವತಿಯಲ್ಲಿ ಸುಮಾರು 270 ಶ್ಲೋಕಗಳಿವೆ. ಗ್ರಂಥವು ಅಳತೆಗಳ ಕೋಷ್ಟಕದಿಂದ ಆರಂಭವಾಗುತ್ತದೆ. ಇಪ್ಪತ್ತು ಕವಡೆಗೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ ಎಂದು ನಾಣ್ಯದ ಲೆಕ್ಕವನ್ನು ಅಲ್ಲಿ ಹೇಳಿದೆ. ಅನಂತರ ಮೂಲಕ್ರಿಯೆಗಳು, ಭಿನ್ನರಾಶಿ, ಸೊನ್ನೆಯ ಲೆಕ್ಕ, ತ್ರೈರಾಶಿಕ, ಬಡ್ಡಿ, ಚಿನ್ನದ ಮಿಶ್ರಣ, ಶ್ರೇಢಿ, ಕ್ಷೇತ್ರಫಲಗಳು ಬರುತ್ತವೆ. ಹೊಂಡ ತೋಡುವುದು, ಇಟ್ಟಿಗೆಯ ರಾಶಿ, ಮರ ಕೊಯ್ಯುವುದು, ಧಾನ್ಯದ ರಾಶಿ, ನೆರಳಿನ ಅಳತೆ ಇವುಗಳಿಗೂ ಪ್ರತ್ಯೇಕ ಪ್ರಕರಣಗಳಿವೆ. ಕುಟ್ಟಕ ಮತ್ತು ಅಂಕಪಾಶ ಎಂಬ ಪ್ರಕರಣಗಳು ಕೊನೆಯಲ್ಲಿವೆ.

ಪಾಠದ ಕ್ರಮ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ. ಮೊದಲು ಸೂತ್ರ, ಅನಂತರ ಉದಾಹರಣೆ, ಆಮೇಲೆ ಉದಾಹರಣೆಯಲ್ಲಿರುವ ಸಂಖ್ಯೆಗಳನ್ನು ಎತ್ತಿ ಬರೆದುಕೊಳ್ಳುವ ನ್ಯಾಸ, ಕಡೆಗೆ ಉತ್ತರ. ಸೂತ್ರ ಮತ್ತು ಉದಾಹರಣೆಗಳು ಶ್ಲೋಕರೂಪದಲ್ಲಿವೆ. ವಿದ್ಯಾರ್ಥಿಯು ಶ್ಲೋಕವನ್ನು ಬಾಯಿಪಾಠ ಮಾಡಿ, ಧೂಳು ಹರಡಿದ ಹಲಗೆಯ ಮೇಲೆ ಅಂಕಿಗಳನ್ನು ಬರೆದು, ಅಳಿಸಿ, ಲೆಕ್ಕ ಮಾಡುತ್ತಿದ್ದನು. ಪಾಟೀಗಣಿತ ಎಂಬ ಹೆಸರು ಈ ಹಲಗೆಗೆ ಸಂಬಂಧಿಸಿದ್ದು. ಧೂಳಿನಲ್ಲಿ ಬರೆದದ್ದು ಅಳಿಸಿಹೋದರೂ ಶ್ಲೋಕವು ನೆನಪಿನಲ್ಲಿ ಉಳಿಯುತ್ತಿತ್ತು. ಕಥೆಯಿರುವ ಉದಾಹರಣೆಯು ಮರೆಯದಂತೆ ಉಳಿಯುವುದು ಇನ್ನೂ ಸುಲಭ.

ಕಥಾರೂಪದ ಲೆಕ್ಕಗಳು

ಲೀಲಾವತಿಯ ಎಲ್ಲ ಲೆಕ್ಕಗಳೂ ಕಥೆಗಳಲ್ಲ. ಒಂದು ಸಂಖ್ಯೆಯನ್ನು ಮೂರರಿಂದ ಗುಣಿಸಿ, ಗುಣಲಬ್ಧದ ಮುಕ್ಕಾಲು ಭಾಗವನ್ನು ಸೇರಿಸಿ, ಏಳರಿಂದ ಭಾಗಿಸಿ, ಬಂದುದರ ಮೂರನೆಯ ಒಂದು ಭಾಗವನ್ನು ಕಳೆದು, ಉಳಿದುದನ್ನು ವರ್ಗಮಾಡಿ, 52 ಕಳೆದು, ವರ್ಗಮೂಲ ತೆಗೆದು, ಎಂಟು ಸೇರಿಸಿ, ಹತ್ತರಿಂದ ಭಾಗಿಸಿದರೆ ಎರಡು ಬರುತ್ತದೆ. ಆ ಸಂಖ್ಯೆ ಯಾವುದು ಎಂಬ ಬರಿಯ ಅಂಕಿಗಳ ಲೆಕ್ಕವೂ ಅಲ್ಲಿದೆ. ಕೊನೆಯಿಂದ ಹಿಂದಕ್ಕೆ ನಡೆದರೆ 28 ಎಂಬ ಉತ್ತರ ಸಿಗುತ್ತದೆ. ಆದರೆ ಗ್ರಂಥಕ್ಕೆ ಹೆಸರು ತಂದುಕೊಟ್ಟವು ಕಥಾರೂಪದ ಲೆಕ್ಕಗಳು.

ಭಿನ್ನರಾಶಿಯ ಪಾಠದಲ್ಲಿ ಭಕ್ತನೊಬ್ಬನು ತನ್ನಲ್ಲಿದ್ದ ಕಮಲಗಳ ಮೂರನೆಯ ಒಂದು ಭಾಗವನ್ನು ಶಿವನಿಗೂ, ಐದನೆಯ ಒಂದು ಭಾಗವನ್ನು ವಿಷ್ಣುವಿಗೂ, ಆರನೆಯ ಒಂದು ಭಾಗವನ್ನು ಸೂರ್ಯನಿಗೂ, ಕಾಲುಭಾಗವನ್ನು ದೇವಿಗೂ ಅರ್ಪಿಸಿ, ಉಳಿದ ಆರನ್ನು ಗುರುಪಾದಕ್ಕೆ ಸಲ್ಲಿಸುತ್ತಾನೆ. ಒಟ್ಟು ಕಮಲಗಳು 120. ಇಲ್ಲಿ ಬಳಸುವ ವಿಧಾನ ಇಷ್ಟಕರ್ಮ. ಅನುಕೂಲವಾದ ಒಂದು ಸಂಖ್ಯೆಯನ್ನು ಮೊದಲು ಊಹಿಸಿಕೊಳ್ಳಬೇಕು. 60 ಎಂದು ಊಹಿಸಿದರೆ ನಾಲ್ಕು ದೇವರಿಗೆ 20, 12, 10, 15 ಹೂಗಳು ಸಂದು ಮೂರು ಉಳಿಯುತ್ತವೆ. ನಿಜವಾಗಿ ಉಳಿಯಬೇಕಾದದ್ದು ಆರು. ಆದ್ದರಿಂದ ಊಹೆಯನ್ನು ಇಮ್ಮಡಿಗೊಳಿಸಿದರೆ ಉತ್ತರ. ಅವ್ಯಕ್ತರಾಶಿಯ ಹೆಸರನ್ನೂ ಕೇಳದ ಬಾಲಕನು ಬೀಜಗಣಿತದ ಹೊಸ್ತಿಲಿಗೆ ಬಂದು ನಿಲ್ಲುವುದು ಹೀಗೆ.

ಮತ್ತೊಂದು ಲೆಕ್ಕದಲ್ಲಿ ಯಾತ್ರಿಕನು ತನ್ನ ಹಣದ ಅರ್ಧವನ್ನು ಪ್ರಯಾಗದಲ್ಲಿ, ಉಳಿದುದರ ಒಂಬತ್ತನೆಯ ಎರಡು ಭಾಗವನ್ನು ಕಾಶಿಯಲ್ಲಿ, ಮತ್ತೆ ಉಳಿದುದರ ಕಾಲುಭಾಗವನ್ನು ದಾರಿಯ ಸುಂಕಕ್ಕೆ, ಅನಂತರ ಉಳಿದುದರ ಹತ್ತನೆಯ ಆರು ಭಾಗವನ್ನು ಗಯೆಯಲ್ಲಿ ವೆಚ್ಚಮಾಡಿ 63 ನಿಷ್ಕಗಳೊಡನೆ ಮನೆಗೆ ಮರಳುತ್ತಾನೆ. ಅವನು ಹೊರಟಾಗ ಇದ್ದದ್ದು 540 ನಿಷ್ಕ. ಕಮಲಗಳ ಲೆಕ್ಕದಲ್ಲಿ ಎಲ್ಲ ಭಾಗಗಳೂ ಒಟ್ಟು ಮೊತ್ತದ ಭಾಗಗಳು. ಯಾತ್ರಿಕನ ಲೆಕ್ಕದಲ್ಲಿ ಪ್ರತಿಯೊಂದೂ ಆಯಾ ಶೇಷದ ಭಾಗ. ಮಕ್ಕಳು ಸಾಮಾನ್ಯವಾಗಿ ಎಡವುವ ಈ ವ್ಯತ್ಯಾಸವನ್ನು ಪ್ರಯಾಣದ ಕ್ರಮವೇ ತಿಳಿಸಿಕೊಡುತ್ತದೆ. ಕಾಶಿಗೆ ಬಂದಾಗ ಜೇಬಿನಲ್ಲಿ ಇರುವುದು ಪ್ರಯಾಗದಲ್ಲಿ ಉಳಿದ ಹಣ ಮಾತ್ರ.

ವರ್ಗಮೂಲದ ಲೆಕ್ಕಗಳಲ್ಲಿ ದುಂಬಿಗಳ ಹಿಂಡು ಪ್ರಸಿದ್ಧ. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿಯ ಕಡೆಗೆ ಹೋದವು. ಇಡೀ ಹಿಂಡಿನ ಒಂಬತ್ತನೆಯ ಎಂಟು ಭಾಗವೂ ಹೋಯಿತು. ಪರಿಮಳಕ್ಕೆ ಮರುಳಾಗಿ ರಾತ್ರಿ ಕಮಲದೊಳಗೆ ಸೆರೆಯಾದ ಗಂಡುದುಂಬಿಯೊಂದು, ಹೊರಗಿನಿಂದ ಅದಕ್ಕೆ ದನಿಗೊಡುವ ಹೆಣ್ಣುದುಂಬಿಯೊಂದು ಉಳಿದವು. ಒಟ್ಟು ದುಂಬಿಗಳು 72. ಲೆಕ್ಕಕ್ಕೆ ಬೇಕಾದದ್ದು ಎರಡು ಎಂಬ ಶೇಷ ಮಾತ್ರ. ಆ ಎರಡನ್ನು ಕವಿಯು ಒಂದು ವಿರಹದ ಚಿತ್ರವಾಗಿ ಮಾಡಿರುವುದರಿಂದ ಓದುಗನು ಅದನ್ನು ಬಿಟ್ಟು ಲೆಕ್ಕ ಮಾಡುವಂತಿಲ್ಲ. ಮಹಾಭಾರತದ ಪ್ರಸಂಗವನ್ನು ಆಧರಿಸಿದ ಇನ್ನೊಂದು ಲೆಕ್ಕದಲ್ಲಿ ಅರ್ಜುನನು ಕರ್ಣನ ಮೇಲೆ ಬಿಟ್ಟ ಬಾಣಗಳು ಹಂಚಿಹೋಗುತ್ತವೆ. ಅರ್ಧದಷ್ಟು ಬಾಣಗಳಿಂದ ಕರ್ಣನ ಬಾಣಗಳನ್ನು ತಡೆದು, ವರ್ಗಮೂಲದ ನಾಲ್ಕರಷ್ಟರಿಂದ ಕುದುರೆಗಳನ್ನು, ಆರರಿಂದ ಶಲ್ಯನನ್ನು, ಮೂರರಿಂದ ಛತ್ರ, ಧ್ವಜ, ಬಿಲ್ಲುಗಳನ್ನು, ಒಂದರಿಂದ ಶಿರಸ್ಸನ್ನು ಹೊಡೆದನೆಂದಾಗ ಬಾಣಗಳು ಒಟ್ಟು ನೂರು.

ದಾನದ ಕುರಿತ ಎರಡು ಲೆಕ್ಕಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿವೆ. ಒಂದರಲ್ಲಿ ಜಿಪುಣನೊಬ್ಬನು ಬೇಡಿದವನಿಗೆ ಅರ್ಧ ದ್ರಮ್ಮದ ಮೂರನೆಯ ಎರಡರ ಮುಕ್ಕಾಲಿನ ಐದನೆಯ ಒಂದರ ಹದಿನಾರನೆಯ ಒಂದರ ಕಾಲುಭಾಗವನ್ನು ಕೊಡುತ್ತಾನೆ. ಭಾರಿ ಲೆಕ್ಕದಂತೆ ಕಾಣುವ ಈ ದಾನವು ಒಂದು ದ್ರಮ್ಮದ 1280ನೆಯ ಒಂದು ಭಾಗ. ಆರಂಭದ ಕೋಷ್ಟಕವನ್ನು ನೆನಪಿಟ್ಟವನಿಗೆ ಅದು ಒಂದೇ ಒಂದು ಕವಡೆ ಎಂದು ತಿಳಿದು ನಗು ಬರುತ್ತದೆ. ಇನ್ನೊಂದರಲ್ಲಿ ದಾನಿಯು ಮೊದಲ ದಿನ ಎರಡು ಕವಡೆ ಕೊಟ್ಟು, ಪ್ರತಿದಿನವೂ ಇಮ್ಮಡಿಗೊಳಿಸುತ್ತಾ ಒಂದು ತಿಂಗಳು ಕೊಡುತ್ತಾನೆ. ಮೂವತ್ತು ದಿನಗಳ ಮೊತ್ತ 214,74,83,646 ಕವಡೆ. ನಿಷ್ಕಗಳಲ್ಲಿ ಹೇಳುವುದಾದರೆ ಒಂದು ಲಕ್ಷಕ್ಕೂ ಮಿಗಿಲು.

ಒಂದೇ ಗಣಿತ, ಹಲವು ಕಥೆ

ಭಾಸ್ಕರಾಚಾರ್ಯರ ಬೋಧನಾ ವಿಧಾನವು ಲಂಬಕೋನ ತ್ರಿಭುಜದ ಉದಾಹರಣೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಮನೆಲದ ಮೇಲೆ ನಿಂತ 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿಯು ಬುಡದಿಂದ 16 ಮೊಳ ದೂರದಲ್ಲಿ ನೆಲವನ್ನು ಮುಟ್ಟುತ್ತದೆ. ಮುರಿದದ್ದು ಎಷ್ಟು ಎತ್ತರದಲ್ಲಿ ಎಂಬುದು ಒಂದು ಲೆಕ್ಕ. ಒಂಬತ್ತು ಮೊಳದ ಕಂಬದ ಮೇಲೆ ಸಾಕಿದ ನವಿಲು ಕುಳಿತಿದೆ. ಕಂಬದ ಬುಡದಲ್ಲಿ ಹಾವಿನ ಬಿಲವಿದೆ. ಕಂಬದ ಎತ್ತರದ ಮೂರರಷ್ಟು ದೂರದಿಂದ ಹಾವು ಬಿಲದತ್ತ ಬರುವುದನ್ನು ಕಂಡು ನವಿಲು ಓರೆಯಾಗಿ ಎರಗುತ್ತದೆ. ಎರಡೂ ಸಮಾನ ದೂರ ಸಾಗಿದರೆ ಬಿಲದಿಂದ ಎಷ್ಟು ದೂರದಲ್ಲಿ ಸೇರುತ್ತವೆ ಎಂಬುದು ಎರಡನೆಯ ಲೆಕ್ಕ.

ಮೇಲುನೋಟಕ್ಕೆ ಬಿದಿರಿಗೂ ನವಿಲಿಗೂ ಸಂಬಂಧವಿಲ್ಲ. ಆದರೆ ಎರಡರಲ್ಲಿಯೂ ತ್ರಿಭುಜದ ಒಂದು ಭುಜವೂ, ಇನ್ನೊಂದು ಭುಜ ಮತ್ತು ಕರ್ಣಗಳ ಮೊತ್ತವೂ ಗೊತ್ತಿವೆ. ಗೊತ್ತಿರುವ ಭುಜದ ವರ್ಗವನ್ನು ಮೊತ್ತದಿಂದ ಭಾಗಿಸಿ, ಬಂದುದನ್ನು ಮೊತ್ತದಿಂದ ಕಳೆದು ಅರ್ಧಮಾಡಿದರೆ ಉತ್ತರ. ಬಿದಿರಿನಲ್ಲಿ 32ರಿಂದ 8 ಕಳೆದು ಅರ್ಧಮಾಡಿದರೆ 12. ನವಿಲಿನಲ್ಲಿ 27ರಿಂದ 3 ಕಳೆದು ಅರ್ಧಮಾಡಿದರೆ ಅದೂ 12. ಇವುಗಳ ಜೊತೆಗೆ ಬರುವ ಕಮಲದ ಲೆಕ್ಕದಲ್ಲಿ ಮೊತ್ತದ ಬದಲು ವ್ಯತ್ಯಾಸ ಗೊತ್ತಿದೆ. ನೀರಿನಿಂದ ಅರ್ಧ ಮೊಳ ಮೇಲಿದ್ದ ಮೊಗ್ಗು ಗಾಳಿಗೆ ಬಾಗಿ ಎರಡು ಮೊಳ ದೂರದಲ್ಲಿ ಮುಳುಗಿದರೆ ನೀರಿನ ಆಳ ಮೂರೂಮುಕ್ಕಾಲು ಮೊಳ. ಕಥೆ ಬದಲಾದರೂ ಒಳಗಿನ ಆಕೃತಿ ಬದಲಾಗದು ಎಂಬುದನ್ನು ವಿದ್ಯಾರ್ಥಿಯು ಸ್ವತಃ ಕಂಡುಕೊಳ್ಳುವಂತೆ ಲೆಕ್ಕಗಳನ್ನು ಜೋಡಿಸಲಾಗಿದೆ. ಬಿದಿರಿನ ಲೆಕ್ಕವನ್ನು ಬಾಯಿಪಾಠ ಮಾಡಿದವನು ನವಿಲಿನ ಮುಂದೆ ತಡೆದು ನಿಲ್ಲುತ್ತಾನೆ. ತ್ರಿಭುಜವನ್ನು ಕಂಡವನು ಮುಂದೆ ಸಾಗುತ್ತಾನೆ. ಕಥೆಯ ಪ್ರಯೋಜನ ಅಲಂಕಾರವಷ್ಟೇ ಅಲ್ಲ, ತಿಳಿವಳಿಕೆಯ ಪರೀಕ್ಷೆಯೂ ಹೌದು.

ಪ್ರಶ್ನೆಯು ಸರಿಯಾಗಿರಬೇಕೆಂಬುದರಲ್ಲಿಯೂ ಅವರು ಕಟ್ಟುನಿಟ್ಟು. ನಾಲ್ಕು ಭುಜಗಳ ಅಳತೆಯನ್ನು ಮಾತ್ರ ಕೊಟ್ಟು ಚತುರ್ಭುಜದ ಕ್ಷೇತ್ರಫಲವನ್ನು ಕೇಳುವವರನ್ನು ಅವರು ಕಟುವಾಗಿ ಟೀಕಿಸಿದ್ದಾರೆ. ಅದೇ ಭುಜಗಳನ್ನು ಇಟ್ಟುಕೊಂಡು ಆಕೃತಿಯನ್ನು ಓರೆಮಾಡಿದರೆ ಕ್ಷೇತ್ರಫಲ ಬದಲಾಗುತ್ತದೆ. ಆದ್ದರಿಂದ ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಉತ್ತರ ನಿಶ್ಚಿತವಾಗದು. ಕೇಳಿದವನಿಗಿಂತಲೂ, ಯೋಚಿಸದೆ ಉತ್ತರ ಕೊಡುವವನು ಹೆಚ್ಚು ಅವಿವೇಕಿ ಎಂಬುದು ಅವರ ನಿಲುವು. ಸಂಖ್ಯೆಗಳು ಕಂಡೊಡನೆ ಕೂಡಿಸಿ ಗುಣಿಸಿ ಏನಾದರೊಂದು ಉತ್ತರ ಬರೆಯುವ ಅಭ್ಯಾಸಕ್ಕೆ ಇದು ಹನ್ನೆರಡನೆಯ ಶತಮಾನದ ಎಚ್ಚರಿಕೆ.

ಸಮಾಜದ ಚಿತ್ರ

ಲೀಲಾವತಿಯ ಉದಾಹರಣೆಗಳಲ್ಲಿ ಅಂದಿನ ಸಂತೆ, ಸಾಲ, ಕೃಷಿಗಳ ವಿವರಗಳಿವೆ. ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿಯಾದರೆ ಹದಿನಾರಕ್ಕೆ ಒಂದು ವರ್ಷದ ಬಡ್ಡಿ ಎಷ್ಟು ಎಂಬುದು ಪಂಚರಾಶಿಕದ ಉದಾಹರಣೆ. ದ್ರಮ್ಮಕ್ಕೆ 300 ಮಾವು, ಪಣಕ್ಕೆ 30 ದಾಳಿಂಬೆ ಸಿಗುವ ಸಂತೆಯಲ್ಲಿ ಹತ್ತು ಮಾವಿಗೆ ಬದಲಾಗಿ ಹದಿನಾರು ದಾಳಿಂಬೆ ದೊರೆಯುತ್ತವೆ.

ವ್ಯಸ್ತ ತ್ರೈರಾಶಿಕದ ಉದಾಹರಣೆಗಳು ಅಂದಿನ ಸಮಾಜದ ಕರಾಳ ಮುಖವನ್ನೂ ತೋರಿಸುತ್ತವೆ. ವಯಸ್ಸು ಹೆಚ್ಚಿದಂತೆ ಜೀವಿಗಳ ಬೆಲೆ ಕಡಿಮೆಯಾಗುವುದೆಂಬ ನಿಯಮಕ್ಕೆ ನೊಗ ಹೊತ್ತ ಎತ್ತಿನ ಜೊತೆಯಲ್ಲಿಯೇ ಮಾರಾಟಕ್ಕಿರುವ ಹೆಣ್ಣಿನ ಉದಾಹರಣೆಯೂ ಇದೆ. ಹದಿನಾರು ವರ್ಷದವಳಿಗೆ 32 ನಿಷ್ಕವಾದರೆ ಇಪ್ಪತ್ತು ವರ್ಷದವಳಿಗೆ ಎಷ್ಟು ಎಂದು ಅಲ್ಲಿ ಕೇಳಲಾಗಿದೆ. ದುಂಬಿಯ ವಿರಹವನ್ನು ಚಿತ್ರಿಸಿದ ಗ್ರಂಥದಲ್ಲಿಯೇ ಮನುಷ್ಯರ ಮಾರಾಟವು ಸಹಜವೆಂಬಂತೆ ಬಂದಿದೆ. ಪಠ್ಯದ ಲೆಕ್ಕವು ಗಣಿತದ ಜೊತೆಗೆ ತನ್ನ ಕಾಲದ ರೂಢಿಯನ್ನೂ ಮಕ್ಕಳಿಗೆ ಕಲಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಲೀಲಾವತಿ ಎಂಬ ಹೆಸರು

ಲೀಲಾವತಿಯು ಭಾಸ್ಕರಾಚಾರ್ಯರ ಮಗಳೆಂಬ ಕಥೆ ಜನಪ್ರಿಯವಾಗಿದೆ. ಮಗಳ ವಿವಾಹಕ್ಕೆ ಗೊತ್ತುಮಾಡಿದ ಶುಭಮುಹೂರ್ತವನ್ನು ತಿಳಿಯಲು ಇಟ್ಟಿದ್ದ ಘಟಿಕಾಪಾತ್ರೆಯೊಳಗೆ ಅವಳ ಉಡುಪಿನ ಮುತ್ತೊಂದು ಬಿದ್ದು ರಂಧ್ರ ಮುಚ್ಚಿತು, ಮುಹೂರ್ತ ಮೀರಿಹೋಯಿತು, ದುಃಖಿತಳಾದ ಮಗಳ ಹೆಸರು ಶಾಶ್ವತವಾಗಿ ಉಳಿಯಲೆಂದು ತಂದೆಯು ಈ ಗ್ರಂಥ ಬರೆದರು ಎಂಬುದು ಕಥೆಯ ಸಾರ. ಈ ಕಥೆಯು 1587ರ ಪರ್ಷಿಯನ್ ಅನುವಾದದ ಪೀಠಿಕೆಯಲ್ಲಿ ಬಂದಿದೆ. ಭಾಸ್ಕರರ ಕೃತಿಗಳಲ್ಲಿ ಇದರ ಉಲ್ಲೇಖವಿಲ್ಲ. ಗ್ರಂಥದ ಉದಾಹರಣೆಗಳು ಬಾಲೆಯನ್ನೂ, ಜಿಂಕೆಗಣ್ಣಿನವಳನ್ನೂ ಸಂಬೋಧಿಸುವಂತೆ ಗೆಳೆಯನನ್ನೂ, ವ್ಯಾಪಾರಿಯನ್ನೂ, ಗಣಕನನ್ನೂ ಸಂಬೋಧಿಸುತ್ತವೆ. ಕಲಿಯುವವರು ಯಾರೇ ಆಗಲಿ, ಎದುರಿಗೆ ಕುಳಿತವರನ್ನು ಮಾತನಾಡಿಸಿ ಪ್ರಶ್ನೆ ಕೇಳುವ ಅಧ್ಯಾಪಕರ ಧ್ವನಿ ಈ ಸಂಬೋಧನೆಗಳಲ್ಲಿ ಉಳಿದಿದೆ.

ಪೂರ್ವಪರಂಪರೆ ಮತ್ತು ಕರ್ನಾಟಕ

ಕಥಾರೂಪದ ಲೆಕ್ಕಗಳು ಭಾಸ್ಕರಾಚಾರ್ಯರಿಂದಲೇ ಆರಂಭವಾದವಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ಇಂತಹ ಲೆಕ್ಕಗಳು ಹೇರಳವಾಗಿವೆ. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಅವನ ಕೃತಿಗಳಲ್ಲಿ ಲೀಲಾವತಿ ಎಂಬ ಹೆಸರಿನದೂ ಒಂದಿದೆ.

ಕೊನೆಯ ವರ್ಷಗಳು ಮತ್ತು ವಂಶಜರು

ಕ್ರಿ.ಶ. 1183ರಲ್ಲಿ, ಸುಮಾರು ಅರವತ್ತೊಂಬತ್ತರ ವಯಸ್ಸಿನಲ್ಲಿ, ಭಾಸ್ಕರಾಚಾರ್ಯರು ಕರಣಕುತೂಹಲ ಎಂಬ ಗ್ರಂಥವನ್ನು ರಚಿಸಿದರು. ಗ್ರಹಗಳ ಸ್ಥಾನವನ್ನು ಸುಲಭವಾಗಿ ಗುಣಿಸುವ ವಿಧಾನಗಳನ್ನು ತಿಳಿಸುವ ಈ ಗ್ರಂಥವು ಪಂಚಾಂಗ ರಚಿಸುವವರಿಗೆ ಉಪಯುಕ್ತವಾಯಿತು.

ಅವರ ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲನು ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ಮೊಮ್ಮಗ ಚಾಂಗದೇವನು ಸಿಂಘಣ ದೊರೆಯ ಪ್ರಧಾನ ಜ್ಯೋತಿಷಿಯಾದನು. ಇಂದಿನ ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಸಮೀಪದ ಪಾಟಣದಲ್ಲಿ ಚಾಂಗದೇವನು ತನ್ನ ಅಜ್ಜನ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಅಧ್ಯಯನಕ್ಕಾಗಿ ಒಂದು ಮಠವನ್ನು ಸ್ಥಾಪಿಸಿದನು. ಅದಕ್ಕೆ ದೊರೆತ ದತ್ತಿಯನ್ನು 1207ರ ಶಾಸನವು ದಾಖಲಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾವು ದಾಜಿಯವರು ಈ ಶಾಸನವನ್ನು ಬೆಳಕಿಗೆ ತಂದರು.

ವ್ಯಾಖ್ಯಾನಗಳು ಮತ್ತು ಅನುವಾದಗಳು

ಲೀಲಾವತಿಗೆ ಅನೇಕ ವ್ಯಾಖ್ಯಾನಗಳು ಹುಟ್ಟಿದವು. ಗಣೇಶ ದೈವಜ್ಞರು 1545ರಲ್ಲಿ ಬರೆದ ಬುದ್ಧಿವಿಲಾಸಿನಿಯು ಸೂತ್ರಗಳಿಗೆ ಉಪಪತ್ತಿಗಳನ್ನು ಕೊಡುತ್ತದೆ. ಕೇರಳದಲ್ಲಿ ಶಂಕರ ವಾರಿಯರ್ ಆರಂಭಿಸಿ ನಾರಾಯಣರು ಪೂರ್ಣಗೊಳಿಸಿದ ಕ್ರಿಯಾಕ್ರಮಕರಿಯು ಹದಿನಾರನೆಯ ಶತಮಾನದ್ದು. ಅಕ್ಬರನ ಆಜ್ಞೆಯಂತೆ ಕವಿ ಫೈಜಿಯು 1587ರಲ್ಲಿ ಲೀಲಾವತಿಯನ್ನು ಪರ್ಷಿಯನ್ ಭಾಷೆಗೆ ತಂದನು. ಜಾನ್ ಟೇಲರ್ 1816ರಲ್ಲಿ ಮುಂಬಯಿಯಿಂದಲೂ, ಕೋಲ್‌ಬ್ರೂಕ್ 1817ರಲ್ಲಿ ಲಂಡನ್ನಿನಿಂದಲೂ ಇಂಗ್ಲಿಷ್ ಅನುವಾದಗಳನ್ನು ಪ್ರಕಟಿಸಿದರು.

ಸ್ಮರಣೆ

1979 ಮತ್ತು 1981ರಲ್ಲಿ ಉಡಾವಣೆಗೊಂಡ ಭಾರತದ ಭೂವೀಕ್ಷಣಾ ಉಪಗ್ರಹಗಳಿಗೆ ಭಾಸ್ಕರ ಎಂಬ ಹೆಸರನ್ನಿಡಲಾಯಿತು. ಗಣಿತವನ್ನು ಜನಸಾಮಾನ್ಯರಿಗೆ ತಲುಪಿಸಿದವರಿಗಾಗಿ 2010ರ ಹೈದರಾಬಾದ್ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಲೀಲಾವತಿ ಪ್ರಶಸ್ತಿಯನ್ನು ಮೊದಲ ಬಾರಿಗೆ ನೀಡಲಾಯಿತು. ಅನಂತರದ ಸಮ್ಮೇಳನಗಳಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ಅದರ ಪ್ರಾಯೋಜಕತ್ವವನ್ನು ವಹಿಸಿಕೊಂಡಿತು. ಮುರಿದ ಬಿದಿರು, ಕಂಬದ ಮೇಲಿನ ನವಿಲು, ಗಾಳಿಗೆ ಬಾಗುವ ಕಮಲದ ಲೆಕ್ಕಗಳು ಇಂದಿಗೂ ಶಾಲೆಗಳಲ್ಲಿ ಪೈಥಾಗೊರಸ್ ಪ್ರಮೇಯದ ಅಭ್ಯಾಸಕ್ಕೆ ಬಳಕೆಯಲ್ಲಿವೆ.